ಒಂದು ವಾರ, ಒಂದೇ ಊರು: ಊಟಕ್ಕೂ ಕಲೆಗೂ ಯೂರೋಪಿನ ಊರು ಆರಿಸುವುದು ಹೇಗೆ?

ನಾವು ಮೊದಲ ಸಲ ಯೂರೋಪಿಗೆ ಹೋದದ್ದು ಪ್ಯಾಕೇಜ್ ಟೂರಿನಲ್ಲಿ. ಒಂಬತ್ತು ದಿನ, ಐದು ದೇಶ. ಬೆಳಿಗ್ಗೆ ಆರಕ್ಕೆ ಬ್ಯಾಗು ರೂಮಿನ ಹೊರಗಿಡಬೇಕು, ಏಳಕ್ಕೆ ಬಸ್ಸು. ರಾತ್ರಿ ಯಾವ ಊರಿನಲ್ಲಿದ್ದರೂ ಅದೇ ದಾಲ್, ಅದೇ ಜೀರಾ ರೈಸ್. ವಾಪಸ್ ಬಂದಾಗ ಪಕ್ಕದ ಮನೆಯವರು "ಅಲ್ಲಿ ಏನೇನು ತಿಂದ್ರಿ?" ಅಂತ ಕೇಳಿದರು. ಹೇಳೋಕೆ ಏನೂ ಇರಲಿಲ್ಲ. ಫೋಟೋ ಮಾತ್ರ ಆರುನೂರು.

ಎರಡನೇ ಸಲ ಹಟ ಹಿಡಿದೆವು. ಒಂದು ವಾರ, ಒಂದೇ ಊರು. ಆ ಊರಿನವರು ತಿನ್ನುವುದನ್ನು ತಿನ್ನಬೇಕು, ಸಂಜೆ ಅವರು ಹೋಗುವಲ್ಲಿಗೆ ಹೋಗಬೇಕು. ಆದರೆ ಯಾವ ಊರು ಅಂತ ತೀರ್ಮಾನಿಸುವುದಕ್ಕೇ ಎರಡು ತಿಂಗಳು ಹಿಡಿಯಿತು. ಯಾಕೆಂದರೆ ನಮ್ಮ ಮನೆಯಲ್ಲಿ ಮೂರು ತಟ್ಟೆ, ಮೂರು ಥರ. ನಾನು ಧಾರವಾಡದವನು, ಮೊಟ್ಟೆಯವರೆಗೆ ಬಂದು ನಿಂತಿದ್ದೇನೆ. ಹೆಂಡತಿ ಮಂಗಳೂರಿನವಳು, ಮೀನಿಲ್ಲದ್ದು ಊಟವೇ ಅಲ್ಲ ಅನ್ನುವವಳು. ಅಮ್ಮ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವುದಿಲ್ಲ.

ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ನಾಲ್ಕು ಊರು: ಪೋರ್ಚುಗಲ್‌ನ ಲಿಸ್ಬನ್, ಉತ್ತರ ಇಟಲಿಯ ಬೊಲೋನ್ಯಾ, ಗ್ರೀಸಿನ ಅಥೆನ್ಸ್, ಸಿಸಿಲಿ ದ್ವೀಪದ ಪಲೆರ್ಮೋ. ಈ ನಾಲ್ಕನ್ನೇ ಉದಾಹರಣೆಗೆ ಇಟ್ಟುಕೊಂಡು, ನಾವು ಹೇಗೆ ಆರಿಸಿದೆವು ಅಂತ ಹಂತ ಹಂತವಾಗಿ ಹೇಳುತ್ತೇನೆ. ನಿಮ್ಮ ಪಟ್ಟಿಯ ಊರುಗಳು ಬೇರೆ ಇರಬಹುದು. ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಹಂತ 1: ಕೈಯಲ್ಲಿರುವ ದಿನ ಎಣಿಸಿ

ಶುಕ್ರವಾರ ರಾತ್ರಿ ಹೊರಟು ಮುಂದಿನ ವಾರದ ಶನಿವಾರ ಮನೆ ಸೇರಿದರೆ ಐದೇ ರಜೆಯಲ್ಲಿ ಕೆಲಸ ಮುಗಿಯುತ್ತದೆ. ಆದರೆ ಹೋಗುವುದಕ್ಕೊಂದು ದಿನ, ಬರುವುದಕ್ಕೊಂದು ದಿನ ಕಳೆಯಿರಿ. ಬೆಂಗಳೂರಿನಿಂದ ನೇರ ವಿಮಾನ ಸಿಗುವುದು ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಲಂಡನ್ ಥರದ ದೊಡ್ಡ ಊರುಗಳಿಗೆ. ಸಣ್ಣ ಊರಿಗೆ ಒಂದು ಕಡೆಯಾದರೂ ವಿಮಾನ ಬದಲಿಸಬೇಕು, ಕೆಲವಕ್ಕೆ ಎರಡು ಸಲ. ಕೈಗೆ ಉಳಿಯುವುದು ಆರು ದಿನ. ಅದರಲ್ಲೂ ಮೊದಲ ದಿನ ಮಧ್ಯಾಹ್ನ ಮೂರಕ್ಕೇ ನಿದ್ದೆ ಎಳೆಯುತ್ತದೆ.

ಆರು ದಿನದಲ್ಲಿ ಎರಡು ಊರು ಮಾಡಬಹುದಲ್ವಾ ಅಂತ ಅನಿಸುತ್ತದೆ. ನನಗೂ ಅನಿಸಿತ್ತು. ಊರು ಬದಲಿಸಿದರೆ ಅರ್ಧ ದಿನ ಪ್ಯಾಕಿಂಗು, ಸ್ಟೇಷನ್ನು, ಚೆಕ್‌ಇನ್ ಅಂತ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾಲ್ಕನೇ ದಿನದ ಹೊತ್ತಿಗೆ ಕಾಫಿ ಅಂಗಡಿಯವನು ನಿಮ್ಮ ಮುಖ ಗುರುತಿಸಲು ಶುರು ಮಾಡಿರುತ್ತಾನೆ. ಆಗ ಬಿಟ್ಟು ಹೊರಡುವುದು ನಷ್ಟ.

ಹಂತ 2: ಮೊದಲು ತಟ್ಟೆ, ಆಮೇಲೆ ನಕಾಶೆ

ಇದೇ ಮುಖ್ಯ ಹಂತ. ಜಾಸ್ತಿ ಸಮಯ ಇದಕ್ಕೇ ಕೊಡಿ. "ಯೂರೋಪಿನಲ್ಲಿ ಸಸ್ಯಾಹಾರ ಸಿಗುತ್ತದೆಯೇ" ಅನ್ನುವ ಪ್ರಶ್ನೆಗೆ ಅರ್ಥವಿಲ್ಲ. ಪೀಟ್ಸಾ ಎಲ್ಲ ಕಡೆ ಸಿಗುತ್ತದೆ. ಆರು ದಿನ ಪೀಟ್ಸಾ ತಿನ್ನುವುದಕ್ಕೆ ಅಷ್ಟು ದೂರ ಹೋಗಬೇಕೇ? ಕೇಳಬೇಕಾದದ್ದು ಬೇರೆ. ಆ ಊರಿನ ಸ್ವಂತ ಅಡುಗೆಯಲ್ಲಿ ನಿಮ್ಮ ಮನೆಯ ಪ್ರತಿಯೊಬ್ಬರೂ ತಿನ್ನುವ ಐದು ಪದಾರ್ಥ ಇವೆಯೇ? ಕಾಗದದ ಮೇಲೆ ಹೆಸರು ಬರೆಯಿರಿ. ಐದು ಸಿಗದಿದ್ದರೆ ಊರನ್ನು ಹೊಡೆದುಹಾಕಿ.

ಈ ಪರೀಕ್ಷೆಯಲ್ಲಿ ಮೊದಲು ಬಿದ್ದದ್ದು ಬೊಲೋನ್ಯಾ. ಇಟಲಿಯವರೇ ಆ ಊರನ್ನು "ಲಾ ಗ್ರಾಸ್ಸಾ", ಅಂದರೆ ದಪ್ಪನೆಯದು, ಕೊಬ್ಬಿದ್ದು ಅಂತ ಕರೆಯುತ್ತಾರೆ. ಅಷ್ಟು ಊಟದ ಊರು. ಅಲ್ಲಿನವರ ಅಚ್ಚುಕಟ್ಟು ಎಂಥದು ಅಂದರೆ, ತಾಲ್ಯಾತೆಲ್ಲೆ ಅನ್ನುವ ಪಾಸ್ತಾ ಬೆಂದ ಮೇಲೆ 8 ಮಿಲಿಮೀಟರ್ ಅಗಲ ಇರಬೇಕು ಅಂತ 1972ರಲ್ಲಿ ವಾಣಿಜ್ಯ ಮಂಡಳಿಯಲ್ಲಿ ದಾಖಲೆ ಮಾಡಿಸಿಟ್ಟಿದ್ದಾರೆ. ಅಳತೆಗೆ ಒಂದು ಚಿನ್ನದ ಪಟ್ಟಿಯೂ ಅಲ್ಲಿದೆ. ಆದರೆ ಆ ಪಾಸ್ತಾದ ಹಿಟ್ಟು ಕಲಸುವುದೇ ಮೊಟ್ಟೆಯಲ್ಲಿ. ಅದರ ಮೇಲೆ ಬೀಳುವ ರಾಗೂ ಅನ್ನುವ ಗೊಜ್ಜು ಮಾಂಸದ್ದು. ತೊರ್ತೆಲ್ಲೀನಿ ಅನ್ನುವ ಹೂರಣದ ಪಾಸ್ತಾದ ಹೊಟ್ಟೆಯಲ್ಲಿ ಹಂದಿ, ಕೆಳಗೆ ಮಾಂಸದ ಸಾರು. ಇಷ್ಟು ಸಾಲದು ಅಂತ, ಆ ಸೀಮೆಯ ಹೆಮ್ಮೆಯ ಪಾರ್ಮೆಸಾನ್ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್‌ನಿಂದ. ನಿಯಮವೇ ಹಾಗಿದೆ. ಅಮ್ಮನಿಗೆ ಇದನ್ನು ಹೇಳಿದ ದಿನ ಮನೆಯಲ್ಲಿ ಪಾಸ್ತಾ ಅನ್ನುವ ಮಾತೇ ನಿಂತುಹೋಯಿತು. ಮಾಂಸ ತಿನ್ನುವವರಿಗೆ ಮಾತ್ರ ನಾನು ಕಣ್ಣುಮುಚ್ಚಿ ಹೇಳುವ ಊರು ಬೊಲೋನ್ಯಾನೇ.

ಲಿಸ್ಬನ್ ಹೆಂಡತಿಯ ಆಯ್ಕೆ. ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು ಅಲ್ಲಿ ದಿನನಿತ್ಯದ್ದು, ಬಕಲ್ಯಾವ್ ಅಂತ ಕರೆಯುತ್ತಾರೆ. ಜೂನ್‌ನಲ್ಲಿ ಸಂತ ಅಂತೋನಿಯ ಹಬ್ಬಕ್ಕೆ ಬೀದಿ ಬೀದಿಯಲ್ಲಿ ಕೆಂಡದ ಮೇಲೆ ಸಾರ್ಡೀನ್ ಸುಡುತ್ತಾರೆ. ಸಾರ್ಡೀನ್ ಅಂದರೆ ನಮ್ಮ ಬೂತಾಯಿಯ ನೆಂಟ. ಇಷ್ಟು ಕೇಳಿದ ಮೇಲೆ ಮಂಗಳೂರಿನವಳನ್ನು ಹಿಡಿಯುವುದು ಕಷ್ಟ. ನನಗೂ ಆ ಊರಿನ ಮೇಲೆ ಬೇರೆ ಕಾರಣಕ್ಕೆ ಆಸೆ ಇತ್ತು. ನಾವು ಧಾರವಾಡದ ಕಡೆ ದಿನಾ ಆಡುವ ಪಗಾರ, ಚಾವಿ, ಬಟಾಟಿ ಎಲ್ಲ ಪೋರ್ಚುಗೀಸರ ಹಡಗಿನಲ್ಲಿ ಬಂದ ಮಾತುಗಳು. ಆದರೆ ಅಮ್ಮನ ಹೆಸರಿನ ಮುಂದೆ ಐದು ಪದಾರ್ಥ ಬರೆಯೋಕೆ ಆಗಲಿಲ್ಲ. ಎಲೆಕೋಸಿನ ಜಾತಿಯ ಸೊಪ್ಪಿನ ಕಾಲ್ದೋ ವೆರ್ದೆ ಸೂಪು ನೋಡೋಕೆ ಹಸಿರು. ಅದರಲ್ಲಿ ತೇಲುವ ಬಿಲ್ಲೆ ಹಂದಿಯ ಸಾಸೇಜಿನದು. ಹೆಸರುವಾಸಿ ಪಶ್ತೆಲ್ ದೆ ನಾತಾ ಸಿಹಿಯ ತುಂಬ ಮೊಟ್ಟೆಯ ಹಳದಿ.

ಅಥೆನ್ಸ್ ಬಗ್ಗೆ ನಮ್ಮವರಿಗೆ ಗೊತ್ತಿಲ್ಲದ ಒಂದು ಗುಟ್ಟಿದೆ. ಗ್ರೀಕ್ ಕ್ರೈಸ್ತರು ವರ್ಷದಲ್ಲಿ ಬಹಳ ದಿನ ಉಪವಾಸ ಮಾಡುತ್ತಾರೆ. ಈಸ್ಟರಿಗೆ ಮುಂಚೆ ಏಳು ವಾರ ದೊಡ್ಡ ಉಪವಾಸ. ಏಕಾದಶಿಯ ಹಾಗೆ ಅದಕ್ಕೂ ಬೇರೆಯೇ ಅಡುಗೆ ಇದೆ. "ನಿಸ್ತಿಸಿಮೋ" ಅಂದರೆ ಉಪವಾಸದ್ದು. ಮಾಂಸ ಇಲ್ಲ, ಹಾಲು ಇಲ್ಲ, ಮೊಟ್ಟೆ ಇಲ್ಲ. ಜೊತೆಗೆ "ಲಾದೆರಾ" ಅಂತ ಒಂದು ಗುಂಪೇ ಇದೆ. ಬೆಂಡೆಕಾಯಿ, ಹುರಳಿಕಾಯಿ, ಬದನೆಕಾಯಿ ಎಲ್ಲ ಆಲಿವ್ ಎಣ್ಣೆ, ಟೊಮೇಟೋದಲ್ಲಿ ನಿಧಾನವಾಗಿ ಬೇಯಿಸಿದ್ದು. ಇವು ಟೂರಿಸ್ಟರಿಗೆ ಅಂತ ಮಾಡಿದ್ದಲ್ಲ, ಅಲ್ಲಿನ ಅಜ್ಜಿಯರ ಅಡುಗೆ. ಒಂದು ಎಚ್ಚರಿಕೆ ಮಾತ್ರ ಇರಲಿ. ಅವರ ಉಪವಾಸದಲ್ಲಿ ಸಿಗಡಿ, ಬೊಂಡಾಸ, ಆಕ್ಟೋಪಸ್ ನಡೆಯುತ್ತವೆ. ಹಾಗಾಗಿ ನಿಸ್ತಿಸಿಮೋ ಅಂದ ಕೂಡಲೇ ಸುಮ್ಮನಾಗಬೇಡಿ, ಒಳಗೆ ಏನಿದೆ ಅಂತ ಕೇಳಿ.

ಇನ್ನು ಪಲೆರ್ಮೋ. ಅಲ್ಲಿನ ಬೀದಿ ತಿಂಡಿಯ ರಾಣಿ ಪನೆಲ್ಲೆ. ಮಾಡುವ ಕ್ರಮ ಓದಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಕಡಲೆಹಿಟ್ಟನ್ನು ನೀರಿನಲ್ಲಿ ಕದಡಿ, ಒಲೆಯ ಮೇಲೆ ಗಟ್ಟಿಯಾಗುವ ತನಕ ತಿರುವಿ, ಹರಡಿ, ಆರಿದ ಮೇಲೆ ಕತ್ತರಿಸುವುದು. ಇದು ನಮ್ಮ ಜುಣಕದ ವಡಿ ಅಲ್ವಾ? ಅವರು ಕೊನೆಗೆ ಎಣ್ಣೆಯಲ್ಲಿ ಕರಿದು ಬ್ರೆಡ್ಡಿನ ನಡುವೆ ಇಡುತ್ತಾರೆ, ಅಷ್ಟೇ ವ್ಯತ್ಯಾಸ. ಬದನೆಕಾಯಿಯ ಕಪೋನಾತಾ ವಿನೆಗರ್, ಸಕ್ಕರೆ ಬಿದ್ದ ಹುಳಿಸಿಹಿ ಗೊಜ್ಜು. ದಕ್ಷಿಣ ಇಟಲಿಯ ಒಣ ಪಾಸ್ತಾ ಗಟ್ಟಿ ಗೋಧಿಯ ರವೆ ಮತ್ತು ನೀರಿನದು, ಮೊಟ್ಟೆ ಇಲ್ಲ. ಬೇಸಿಗೆಗೆ ಗ್ರಾನೀತಾ ಅನ್ನುವ, ಬಾದಾಮಿಯ ಪುಡಿಮಂಜಿನ ತಿನಿಸು. ಮಾರ್ತೊರಾನಾ ಅನ್ನುವ ಬಾದಾಮಿ ಮಿಠಾಯಿಯನ್ನು ಥೇಟ್ ಕಿತ್ತಳೆ, ಅಂಜೂರದ ಹಾಗೆ ಮಾಡಿ ಬಣ್ಣ ಹಚ್ಚಿರುತ್ತಾರೆ. ಡಿಸೆಂಬರ್ 13ರ ಸಂತ ಲೂಚಿಯಾ ದಿನ ಊರಿನವರು ಬ್ರೆಡ್ಡು, ಪಾಸ್ತಾ ಮುಟ್ಟುವುದಿಲ್ಲ. ಬೇಯಿಸಿದ ಗೋಧಿಯ ಕುಚ್ಚೀಯಾ ತಿನ್ನುತ್ತಾರೆ. ಬೆಲ್ಲದ ಬದಲು ರಿಕೋತ್ತಾ ಅನ್ನುವ ಮೆತ್ತನೆಯ ಚೀಸು ಬಿದ್ದ ಗೋಧಿ ಹುಗ್ಗಿ ಅನ್ನಿ. ಮೀನಿನ ಮಾರ್ಕೆಟ್ಟಿನ ಬಗ್ಗೆ ಹೆಂಡತಿಗೆ ನಾನು ಹೇಳುವ ಅಗತ್ಯವೇ ಬೀಳಲಿಲ್ಲ.

ಪಲೆರ್ಮೋದಲ್ಲೂ ಗುಂಡಿಗಳಿವೆ. ಕನ್ನೋಲಿ ಅನ್ನುವ ಸಿಹಿಯ ಗರಿಗರಿ ಕೊಳವೆಯ ಹಿಟ್ಟಿಗೆ ಹಳೇ ಪದ್ಧತಿಯಲ್ಲಿ ಹಂದಿ ಕೊಬ್ಬು ಹಾಕುತ್ತಾರೆ. ಸ್ಫಿಂಚೋನೆ ಅನ್ನುವ ದಪ್ಪ ರೊಟ್ಟಿಯ ಮೇಲಿನ ಈರುಳ್ಳಿಯಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಕರಗಿರುತ್ತದೆ. "ನಾನು ವೆಜಿಟೇರಿಯನ್" ಅಂದರೆ ಸಾಲದು. ಬೇಡದ್ದನ್ನು ಒಂದೊಂದಾಗಿ ಹೇಳಬೇಕು: ಸೆನ್ಸಾ ಕಾರ್ನೆ, ಸೆನ್ಸಾ ಪೆಷ್ಷೆ, ಸೆನ್ಸಾ ಉಓವಾ. ಮಾಂಸವಿಲ್ಲದೆ, ಮೀನಿಲ್ಲದೆ, ಮೊಟ್ಟೆಯಿಲ್ಲದೆ. ಚೀಸೂ ಬೇಡದವರು ಸೆನ್ಸಾ ಫೊರ್ಮಾಜ್ಜೋ ಸೇರಿಸಿಕೊಳ್ಳಿ. ಅಮ್ಮ ಇದನ್ನು ವಿಷ್ಣು ಸಹಸ್ರನಾಮದ ಪುಸ್ತಕದ ಹಿಂದೆ ಬರೆದುಕೊಂಡು ಬಾಯಿಪಾಠ ಮಾಡಿದರು.

ಹಂತ 3: ತಿಂಗಳು

ನಮ್ಮ ಅದೃಷ್ಟ, ಮಕ್ಕಳ ಬೇಸಿಗೆ ರಜೆಯೂ ದಸರಾ ರಜೆಯೂ ದಕ್ಷಿಣ ಯೂರೋಪಿಗೆ ಹೋಗಲು ಒಳ್ಳೇ ಕಾಲದಲ್ಲೇ ಬರುತ್ತವೆ. ಏಪ್ರಿಲ್, ಮೇ ಅಥವಾ ಅಕ್ಟೋಬರ್ ಹಿಡಿಯಿರಿ. ಜುಲೈ, ಆಗಸ್ಟ್ ಬೇಡ. ಅಥೆನ್ಸಿನಲ್ಲಿ 2023ರ ಜುಲೈನಲ್ಲಿ ಬಿಸಿಲು ತಡೆಯಲಾರದೆ ಅಕ್ರೊಪೊಲಿಸ್ ಬೆಟ್ಟವನ್ನೇ ಮಧ್ಯಾಹ್ನದ ಹೊತ್ತು ಮುಚ್ಚಿದ್ದರು. ಇಟಲಿಯಲ್ಲಿ ಆಗಸ್ಟ್ 15ರ ಆಸುಪಾಸು ಊರಿನವರೇ ಸಮುದ್ರಕ್ಕೆ ಹೋಗಿಬಿಡುತ್ತಾರೆ. ಒಳ್ಳೇ ಹೋಟೆಲುಗಳ ಬಾಗಿಲ ಮೇಲೆ "ರಜೆ" ಅನ್ನುವ ಚೀಟಿ ಇರುತ್ತದೆ.

ವಾರದ ದಿನಗಳನ್ನೂ ನೋಡಿಕೊಳ್ಳಿ. ಲಿಸ್ಬನ್‌ನಲ್ಲಿ ಹೆಚ್ಚಿನ ಮ್ಯೂಸಿಯಂಗಳಿಗೆ ಸೋಮವಾರ ರಜೆ. ನೇಪಲ್ಸ್‌ನ ಪುರಾತತ್ವ ಮ್ಯೂಸಿಯಂ, ಪ್ಯಾರಿಸ್ಸಿನ ಲೂವ್ರ್ ಎರಡಕ್ಕೂ ಮಂಗಳವಾರ ರಜೆ. ಈಸ್ಟರ್ ಭಾನುವಾರ, ಅದರ ಮರುದಿನ ಅಂಗಡಿ ಮುಚ್ಚಿರುವುದೇ ಜಾಸ್ತಿ. ಗ್ರೀಸಿನ ಈಸ್ಟರ್ ಬಹಳ ವರ್ಷ ಬೇರೆ ದಿನಕ್ಕೆ ಬೀಳುತ್ತದೆ ಅನ್ನುವುದನ್ನೂ ಮರೆಯಬೇಡಿ.

ಹಂತ 4: ಸಂಜೆ ಎಲ್ಲಿ ಕೂರುತ್ತೀರಿ?

ಮ್ಯೂಸಿಯಂ ಇಲ್ಲದ ಊರು ಯೂರೋಪಿನಲ್ಲಿಲ್ಲ. ಹಾಗಾಗಿ ಮ್ಯೂಸಿಯಂ ಎಣಿಸಿ ಊರು ಆರಿಸಲಾಗದು. ಮೂರನೆಯ ದಿನಕ್ಕೆ ಕಾಲು ನೋವು ಶುರುವಾಗಿ ಎಲ್ಲ ಚಿತ್ರವೂ ಒಂದೇ ಥರ ಕಾಣತೊಡಗುತ್ತದೆ. ಅದರ ಬದಲು ಆ ಊರಿನಲ್ಲೇ ಹುಟ್ಟಿದ, ಸಂಜೆ ಕೂತು ನೋಡುವ ಇಲ್ಲವೇ ಕೇಳುವ ಒಂದು ಕಲೆ ಹುಡುಕಿ.

ಲಿಸ್ಬನ್‌ಗೆ ಫಾದೋ ಇದೆ. ದೀಪ ಸಣ್ಣಗೆ ಮಾಡಿ, ಊಟದ ನಡುವೆ ಎದ್ದು ನಿಂತು ಹಾಡುತ್ತಾರೆ. ಹಾಡು ಶುರುವಾದರೆ ಚಮಚದ ಸದ್ದೂ ಮಾಡಬಾರದು. ವಿಯೆನ್ನಾದಲ್ಲಿ ಆಪೆರಾ ಮನೆಯಲ್ಲಿ ನಿಂತು ನೋಡುವವರಿಗೆ ಕಡಿಮೆ ದರದ ಟಿಕೆಟ್ ಸಿಗುತ್ತದೆ. ಆದರೆ ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಸೀಸನ್ ಇರುವುದಿಲ್ಲ.

ಪಲೆರ್ಮೋದಲ್ಲಿ ನಮ್ಮನ್ನು ಸೆಳೆದದ್ದು ಗೊಂಬೆಯಾಟ. "ಒಪೆರಾ ದೇಯ್ ಪೂಪಿ" ಅಂತ ಹೆಸರು. ಲೋಹದ ಕವಚ ತೊಟ್ಟ ಮರದ ಗೊಂಬೆಗಳನ್ನು ಕಬ್ಬಿಣದ ಸರಳು ಹಿಡಿದು ಆಡಿಸುತ್ತಾರೆ. ಕಥೆ ಚಕ್ರವರ್ತಿ ಶಾರ್ಲಮೇನ್‌ನ ವೀರರದ್ದು. ಕತ್ತಿಗೆ ಕತ್ತಿ ತಾಗುವಾಗ ಆಟಗಾರರು ತೆರೆಯ ಹಿಂದೆ ಕಾಲಿನಿಂದ ಹಲಗೆ ಕುಟ್ಟುತ್ತಾರೆ. ಯುನೆಸ್ಕೋ 2001ರಲ್ಲೇ ಇದನ್ನು ಗುರುತಿಸಿದೆ. ಕುಂದಾಪುರದ ಹತ್ತಿರ ಉಪ್ಪಿನಕುದ್ರುವಿನಲ್ಲಿ ಯಕ್ಷಗಾನದ ಸೂತ್ರದ ಗೊಂಬೆಯಾಟ ನೋಡಿದವರಿಗೆ ಭಾಷೆ ಬರದಿದ್ದರೂ ಇದು ಅರ್ಥವಾಗುತ್ತದೆ. ಯಾರು ಖಳ ಅಂತ ಮೀಸೆ ನೋಡಿದರೇ ಗೊತ್ತಾಗಿಬಿಡುತ್ತದೆ. ನಮ್ಮ ಮನೆಯಲ್ಲಿ ವೋಟು ತಿರುಗಿದ್ದು ಇಲ್ಲೇ.

ಹಗಲಿಗೆ ಅಲ್ಲಿ ಅರಮನೆಯ ಚಾಪೆಲ್ ಒಂದಿದ್ದರೂ ಸಾಕು. ಕಪ್ಪೆಲ್ಲಾ ಪಲಾತೀನಾ ಅಂತ ಹೆಸರು, ಎರಡನೇ ರೊಜೆರ್ ರಾಜ 12ನೇ ಶತಮಾನದಲ್ಲಿ ಕಟ್ಟಿಸಿದ್ದು. ಗೋಡೆಗೆ ಬೈಜಾಂಟಿಯಂ ಶೈಲಿಯ ಚಿನ್ನದ ಮೊಸಾಯಿಕ್, ತಲೆಯ ಮೇಲೆ ಅರಬ್ ಕುಶಲಕರ್ಮಿಗಳ ಮರದ ಚಾವಣಿ. ಅರಬರು 831ರಲ್ಲಿ ಪಲೆರ್ಮೋ ಹಿಡಿದರು, 1072ರಲ್ಲಿ ಉತ್ತರ ಫ್ರಾನ್ಸ್ ಮೂಲದ ನಾರ್ಮನ್ನರು, ಅಂದರೆ ರೊಜೆರ್ ರಾಜನ ಕಡೆಯವರು, ಅವರಿಂದ ಕಸಿದುಕೊಂಡರು. ಆದರೆ ಅರಬ್ ಕೆಲಸಗಾರರನ್ನೂ, ಅವರು ತಂದಿದ್ದ ನಿಂಬೆ, ಕಿತ್ತಳೆ, ಕಬ್ಬನ್ನೂ ಊರು ಬಿಡಲಿಲ್ಲ. ಮೇಲಿನ ಚಾವಣಿಗೂ ಮಾರ್ಕೆಟ್ಟಿನ ಸಿಹಿತಿಂಡಿಗೂ ಇರುವ ನಂಟು ಇದೇ. ಊಟ ಮತ್ತು ಕಲೆ ಬೇರೆಬೇರೆ ಅಲ್ಲದ ಊರು ಸಿಕ್ಕಿದರೆ ಬಿಡಬೇಡಿ.

ಹಂತ 5: ಒಂದು ಗಂಟೆಯ ಸುತ್ತು

ಊರಿನ ಸುತ್ತ ರೈಲಿನಲ್ಲೋ ಬಸ್ಸಿನಲ್ಲೋ ಒಂದು ಗಂಟೆಯಲ್ಲಿ ಏನೇನು ಸಿಗುತ್ತದೆ ನೋಡಿ. ಎರಡು ಒಳ್ಳೇ ಜಾಗ ಇದ್ದರೆ ಸಾಕು. ಇದರಲ್ಲಿ ಬೊಲೋನ್ಯಾವನ್ನು ಮೀರಿಸುವವರಿಲ್ಲ. ಕನಿಷ್ಠ ಹನ್ನೆರಡು ವರ್ಷ ಮರದ ಪೀಪಾಯಿಯಲ್ಲಿ ಹಣ್ಣಾಗುವ ಬಾಲ್ಸಾಮಿಕ್ ವಿನೆಗರಿನ ಮೊದೆನಾಕ್ಕೆ ಅರ್ಧ ಗಂಟೆ, ಫ್ಲಾರೆನ್ಸಿಗೆ ವೇಗದ ರೈಲಿನಲ್ಲಿ ಸುಮಾರು ನಲವತ್ತು ನಿಮಿಷ. ಲಿಸ್ಬನ್‌ನಿಂದ ಸಿಂತ್ರಾ ನಲವತ್ತು ನಿಮಿಷ. ಅಥೆನ್ಸಿನ ಬಂದರಿನಿಂದ ಪಿಸ್ತಾ ಬೆಳೆಯುವ ಏಜಿನಾ ದ್ವೀಪಕ್ಕೆ ದೋಣಿ ಇದೆ. ಪಲೆರ್ಮೋದಿಂದ ಮೊನ್ರೆಯಾಲೆಗೆ ಸಿಟಿ ಬಸ್ಸು, ಚೆಫಲೂ ಕಡಲತೀರಕ್ಕೆ ರೈಲು.

ಹಂತ 6: ವೀಸಾ, ದುಡ್ಡು

ಈ ನಾಲ್ಕೂ ಊರು ಶೆಂಗೆನ್ ಒಳಗಿವೆ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ದೇಶಗಳ ಗುಂಪಿನಲ್ಲಿ. ಈಗ ಅದರಲ್ಲಿ 29 ದೇಶ. ಲಂಡನ್, ಡಬ್ಲಿನ್ ಸೇರಿಲ್ಲ, ಅವಕ್ಕೆ ಬೇರೆ ವೀಸಾ. ಅತಿ ಹೆಚ್ಚು ರಾತ್ರಿ ಕಳೆಯುವ ದೇಶಕ್ಕೆ ಅರ್ಜಿ ಹಾಕಬೇಕು. ಒಂದೇ ಊರಿಗೆ ಹೋಗುವವರಿಗೆ ಆ ತಲೆಬಿಸಿಯೇ ಇಲ್ಲ. ಆರು ತಿಂಗಳ ಮುಂಚೆಯಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, ಕೊನೆಯ ಗಡುವು 15 ದಿನ ಮುಂಚೆ. ಏಪ್ರಿಲ್, ಮೇಗೆ ಹೋಗುವವರು ಜನವರಿಯಲ್ಲೇ ಅಪಾಯಿಂಟ್‌ಮೆಂಟ್ ಹುಡುಕಿ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಬೇಕು. ಪಾಸ್‌ಪೋರ್ಟ್ ವಾಪಸಾಗುವ ದಿನದ ನಂತರ ಮೂರು ತಿಂಗಳಾದರೂ ಚಾಲ್ತಿಯಲ್ಲಿರಬೇಕು. ಜರ್ಮನಿ, ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸಕ್ಕಿರುವ ನಮ್ಮವರಿಗೆ ಅಲ್ಲಿನ ರೆಸಿಡೆನ್ಸ್ ಪರ್ಮಿಟ್ ಇದ್ದರೆ ಈ ರಗಳೆ ಇಲ್ಲ. ವೀಸಾ ಕೈಗೆ ಬರುವ ತನಕ ರದ್ದು ಮಾಡಲು ಬರುವಂಥ ಬುಕಿಂಗನ್ನೇ ಮಾಡಿ.

ಖರ್ಚಿನ ಲೆಕ್ಕದಲ್ಲಿ ಕಣ್ಣು ತಪ್ಪುವ ಸಣ್ಣಪುಟ್ಟವು ಹಲವು. ರಾತ್ರಿ ಲೆಕ್ಕದ ಪ್ರವಾಸಿ ತೆರಿಗೆ ಬಹಳ ಊರಿನಲ್ಲಿದೆ, ಲಿಸ್ಬನ್‌ನಲ್ಲಿ 2024ರಿಂದ ತಲೆಗೆ 4 ಯೂರೋ. ಇಟಲಿಯ ಬಿಲ್ಲಿನಲ್ಲಿ ಕೊಪೆರ್ತೋ ಅಂತ ಕೂತದ್ದಕ್ಕೇ ಒಂದೆರಡು ಯೂರೋ ಇರುತ್ತದೆ, ಜಗಳಕ್ಕೆ ಹೋಗಬೇಡಿ. ಕಾಫಿಯನ್ನು ಕೌಂಟರಿನಲ್ಲಿ ನಿಂತು ಕುಡಿದರೆ ಅಗ್ಗ, ದರ್ಶಿನಿ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ಲಿಸ್ಬನ್‌ನಲ್ಲಿ ಕೇಳದೆಯೇ ಬ್ರೆಡ್ಡು, ಆಲಿವ್ ತಂದಿಡುತ್ತಾರೆ. ಮುಟ್ಟಿದರೆ ದುಡ್ಡು. ಬೇಡವಾದರೆ ವಾಪಸ್ ಕಳಿಸಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕಾರ್ಡು ಉಜ್ಜುವಾಗ ಮಷೀನು ರೂಪಾಯಿಯೋ ಯೂರೋನೋ ಅಂತ ಕೇಳಿದರೆ ಯೂರೋ ಒತ್ತಿ.

ಹಂತ 7: ನಕಾಶೆಯ ಮೇಲೆ ಒಂದು ಮಂಗಳವಾರ ಕಳೆಯಿರಿ

ಇನ್ನೂ ಎರಡು ಊರು ಉಳಿದಿವೆ, ಮನಸ್ಸು ಹೊಯ್ದಾಡುತ್ತಿದೆ ಅಂದುಕೊಳ್ಳಿ. ಆಗ ಗೂಗಲ್ ಮ್ಯಾಪ್ ತೆರೆದು, ವಿಶೇಷ ಏನೂ ಇಲ್ಲದ ಒಂದು ಮಂಗಳವಾರವನ್ನು ಗಂಟೆ ಗಂಟೆಯಾಗಿ ನಡೆಸಿ ನೋಡಿ. ಬೆಳಿಗ್ಗೆ ಮಾರ್ಕೆಟ್ಟು. ಹತ್ತಕ್ಕೆ ಒಂದು ನೋಡುವ ಜಾಗ. ಒಂದಕ್ಕೆ ಊಟ, ಯಾಕೆಂದರೆ ಇಟಲಿಯಲ್ಲಿ ಮೂರರ ಮೇಲೆ ಬಹಳ ಅಡುಗೆಮನೆಗಳು ಮುಚ್ಚಿ ಏಳೂವರೆಯ ಹೊತ್ತಿಗೆ ತೆರೆಯುತ್ತವೆ. ಆಮೇಲೆ ರೂಮಿಗೆ ಬಂದು ಮಲಗಬೇಕು. ಸಂಜೆ ಊರಿನವರೊಂದಿಗೆ ಸುಮ್ನೆ ಓಡಾಟ. ರಾತ್ರಿ ಊಟ. ಇಷ್ಟೂ ಮೂರು ಕಿಲೋಮೀಟರಿನೊಳಗೆ ಮುಗಿಯುತ್ತದೆಯೇ? ದಾರಿ ಏರೋ, ಸಮವೋ? ಅಮ್ಮನಿಗೆ ಮಂಡಿನೋವು. ಲಿಸ್ಬನ್‌ನ ಏರು, ಜಾರುವ ಕಲ್ಲುಹಾಸು ನೋಡಿ ಹೆಂಡತಿಯೇ ಕೈಬಿಟ್ಟಳು. ಅಥೆನ್ಸ್ ಕೊನೆಯವರೆಗೂ ಇತ್ತು. ಅಲ್ಲಿ ದಿನಕ್ಕೊಂದು ಬಡಾವಣೆಯಲ್ಲಿ ನಡೆಯುವ ಲಾಯ್ಕಿ ಸಂತೆ ನನಗೆ ಈಗಲೂ ಆಸೆ ಹುಟ್ಟಿಸುತ್ತದೆ. ಪಲೆರ್ಮೋದಲ್ಲಿ ಬಲ್ಲರೋ ಮಾರ್ಕೆಟ್ಟಿನಿಂದ ಅರಮನೆಗೆ ಹತ್ತು ನಿಮಿಷದ ನಡಿಗೆ, ನೆಲವೂ ಹೆಚ್ಚುಕಡಿಮೆ ಸಮ. ಟಿಕೆಟ್ ಬುಕ್ ಮಾಡಿದೆ.

ಸೂಟ್‌ಕೇಸ್ ಬಗ್ಗೆ ಒಂದೇ ಮಾತು. ಯೂರೋಪಿನ ಒಕ್ಕೂಟದೊಳಗೆ ಹೊರಗಿನಿಂದ ಮಾಂಸವನ್ನಾಗಲೀ ಹಾಲಿನ ಪದಾರ್ಥವನ್ನಾಗಲೀ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ ತೆಗೆದಿಡಿ. ಪೇಡಾನೂ ಹಾಲಿನದೇ, ಸುಮ್ನೆ ರಿಸ್ಕ್ ಯಾಕೆ? ಶೇಂಗಾ ಚಟ್ನಿಪುಡಿಗೆ ತೊಂದರೆ ಇಲ್ಲ. ಅಮ್ಮ ಅರ್ಧ ಕಿಲೋ ತಂದಿದ್ದರು. ಎರಡನೇ ದಿನ ಬಲ್ಲರೋದ ಗಾಡಿಯ ಮುಂದೆ ನಿಂತು ಬಿಸಿ ಪನೆಲ್ಲೆ ಒಂದು ತುಂಡು ಕಚ್ಚಿ, "ಜುಣಕ ಛಲೋ ಮಾಡ್ಯಾನ, ಖಾರ ಹಾಕೋದು ಮರತಾನ ನೋಡು" ಅಂದವರೇ ಕೈಚೀಲದಿಂದ ಡಬ್ಬಿ ತೆಗೆದರು.